ದನಿಯೇ ವೇಷ, ಮಾತೇ ಕುಣಿತ

ಮಾಗಡಿ ರಸ್ತೆಯ ಸುಂಕದಕಟ್ಟೆ ಇಂದು ಬೆಂಗಳೂರಿನೊಳಗೆ ಸೇರಿಹೋಗಿದೆ. ಅದಿನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ ಈ ಸೀಮೆಯವರಿಗೆ ನಗೆಯ ಜೋಡಿಯೆಂದರೆ ಬಯಲಾಟದ ರಾಜ ಮತ್ತು ಸಾರಥಿ. ರಾಜ ಠೀವಿಯಿಂದ ರಂಗಕ್ಕೆ ಬಂದರೆ, ಸಾರಥಿ ತರಲೆ ಪ್ರಶ್ನೆ ಕೇಳಿ ಅವನ ಠೀವಿ ಇಳಿಸುತ್ತಿದ್ದ. ಸಾರಥಿಯ ಮುಖ ಕಂಡರೇ ಜನಕ್ಕೆ ಅರ್ಧ ನಗು.

ಆದರೆ ರೇಡಿಯೋದಲ್ಲಿ ಮುಖವೇ ಕಾಣದು. ನಗಿಸುವುದು ಹೇಗೆ?

ಇದಕ್ಕೆ ಮೊದಮೊದಲು ದಾರಿ ಕಂಡುಕೊಂಡವರು ಅಮೆರಿಕದ ಫ್ರೀಮನ್ ಗಾಸ್ಡೆನ್ ಮತ್ತು ಚಾರ್ಲ್ಸ್ ಕೊರೆಲ್. 1928ರಲ್ಲಿ ಷಿಕಾಗೋದಿಂದ ಆರಂಭವಾದ ಅವರ ‘ಏಮಸ್ ಅಂಡ್ ಆಂಡಿ’ ಹದಿನೈದು ನಿಮಿಷದ ಕಾರ್ಯಕ್ರಮ. ಇಬ್ಬರೇ ಹಲವು ಪಾತ್ರಗಳಿಗೆ ದನಿಯಾಗುತ್ತಿದ್ದರು. ಮೈಕಿಗೆ ಹತ್ತಿರ ಬಂದು ಮಾತಾಡಿದರೆ ಒಂದು ಪಾತ್ರ, ತುಸು ದೂರ ಸರಿದರೆ ಇನ್ನೊಂದು! 1938ರಲ್ಲಿ ರೇಡಿಯೋಗೆ ಬಂದ ಬಡ್ ಅಬಟ್ ಮತ್ತು ಲೂ ಕಾಸ್ಟೆಲೊ ಅವರಿಗೆ ಬೇರೆಯೇ ಪೇಚು. ಇಬ್ಬರ ದನಿಯೂ ಒಂದೇ ಥರ. ಯಾರು ಯಾರೆಂದು ಕೇಳುಗರಿಗೆ ತಿಳಿಯಲೆಂದು ಕಾಸ್ಟೆಲೊ ಪುಟ್ಟ ಹುಡುಗನಂತೆ ಕೀರಲು ದನಿ ತೆಗೆದರು. ಅದೇ ಅವರ ಗುರುತಾಯಿತು.

ಈ ನಗೆಗೆ ಇನ್ನೊಂದು ಮುಖವೂ ಇತ್ತು. ಗಾಸ್ಡೆನ್, ಕೊರೆಲ್ ಇಬ್ಬರೂ ಬಿಳಿಯರು. ಅಣಕಿಸಿದ್ದು ಕರಿಯರ ಮಾತನ್ನು. ದೇಶವೆಲ್ಲ ನಗುತ್ತಿದ್ದಾಗಲೇ, 1931ರಲ್ಲಿ ಕರಿಯರ ಪತ್ರಿಕೆ ‘ಪಿಟ್ಸ್‌ಬರ್ಗ್ ಕೊರಿಯರ್’ ಅದರ ವಿರುದ್ಧ ಸಹಿ ಚಳವಳಿ ನಡೆಸಿತು.

ಕನ್ನಡದ ಮಟ್ಟಿಗೆ ರೇಡಿಯೋ ಕಥೆ ಶುರುವಾದದ್ದು 1935ರಲ್ಲಿ, ಮೈಸೂರಿನಲ್ಲಿ. ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವ್ಯಾಟ್‌ನ ಪುಟ್ಟ ಯಂತ್ರವಿಟ್ಟು ‘ಆಕಾಶವಾಣಿ’ ಆರಂಭಿಸಿದರು. ಹಾಸ್ಯ ಸಾಹಿತಿ ನಾ. ಕಸ್ತೂರಿ ಅಲ್ಲಿ ದುಡಿದರು. 1955ರಲ್ಲಿ ಬೆಂಗಳೂರಿಗೂ ನಿಲಯ ಬಂತು. ಅಲ್ಲಿ ಎ.ಎಸ್. ಮೂರ್ತಿ ‘ಈರಣ್ಣ’ನಾಗಿ ಮಾತಾಡಿ, ಊರಿನ ಕುಂದುಕೊರತೆಗಳನ್ನು ನಗುನಗುತ್ತಲೇ ಚುಚ್ಚಿದರು. ಕೇಳುಗರ ಪಾಲಿಗೆ ಅವರು ‘ಆಕಾಶವಾಣಿ ಈರಣ್ಣ’ನೇ ಆಗಿಬಿಟ್ಟರು. ಬಯಲಾಟದ ಸಾರಥಿಯಂತೆ ಈರಣ್ಣನೂ ಕೇಳಿದ್ದು ದೊಡ್ಡವರನ್ನು, ಅಣಕಿಸಿದ್ದು ಬಡಪಾಯಿಗಳನ್ನಲ್ಲ.

ಶಾಲಾ ವಾರ್ಷಿಕೋತ್ಸವಕ್ಕೆ ಇಬ್ಬರ ಹಾಸ್ಯ ಬರೆಯುವ ಮಕ್ಕಳು ಎರಡು ಪರೀಕ್ಷೆ ಮಾಡಬಹುದು. ಅಪ್ಪ ಅಮ್ಮ ಕಣ್ಣು ಮುಚ್ಚಿ ಕೇಳಲಿ: ಯಾರ ಮಾತು ಯಾರದೆಂದು ತಿಳಿಯುತ್ತದೆಯೇ? ನಗೆಗೆ ಗುರಿಯಾದವರು ಮುಂದಿನ ಸಾಲಿನಲ್ಲೇ ಕೂತಿದ್ದರೆ, ಅವರೂ ನಗುತ್ತಾರೆಯೇ? ಮೊದಲನೆಯದರಲ್ಲಿ ಸೋತರೆ ದನಿ ಬದಲಿಸಿದರಾಯಿತು. ಎರಡನೆಯದರಲ್ಲಿ ಸೋತರೆ ಹಾಸ್ಯವನ್ನೇ ಬದಲಿಸಬೇಕು.