ಬಿಸಿನೀರಿನ ಕುಂಡಗಳ ಸ್ನಾನ: ಯಾರಿಗೆ ಹಿತ, ಯಾರಿಗೆ ಅಪಾಯ?

ಮೊಣಕಾಲು ನೋವಿನವರು, ಸೊಂಟ ಹಿಡಿದವರು ವೈದ್ಯರನ್ನು ಕೇಳುವ ಒಂದು ಪ್ರಶ್ನೆಯಿದೆ: "ವಜ್ರೇಶ್ವರಿಗೆ ಹೋಗಿ ಬಿಸಿನೀರಿನಾಗ ಕುಂತು ಬಂದರ ನೋವು ಹೋಗತೈತೇನ್ರಿ?" ಹೋಗಿಬರುವುದು ಒಳ್ಳೆಯದೇ. ಆದರೆ ಹೊರಡುವ ಮೊದಲು ಕೆಲವು ವಿಷಯಗಳನ್ನು ತಾವು ತಿಳಿದಿರಬೇಕು.

ವಜ್ರೇಶ್ವರಿ ಮಹಾರಾಷ್ಟ್ರದ ಠಾಣೆ ಜಿಲ್ಲೆಯ ಹಳ್ಳಿ. ಇಲ್ಲಿನ ದೇವಿಯ ಗುಡಿ, 1739ರಲ್ಲಿ ವಸಈ ಕೋಟೆಯನ್ನು ಗೆದ್ದ ಚಿಮಾಜಿ ಅಪ್ಪಾ ಹರಕೆ ತೀರಿಸಲು ಕಟ್ಟಿಸಿದ್ದು. ಹತ್ತಿರದ ಅಕಲೋಲಿ ಮತ್ತು ಗಣೇಶಪುರಿಯಲ್ಲಿ, ತಾನಸಾ ನದಿಯ ಆಸುಪಾಸು, ಬಿಸಿನೀರಿನ ಕುಂಡಗಳಿವೆ. ದೇವಿ ಕೊಂದ ರಾಕ್ಷಸರ ರಕ್ತದಿಂದ ನೀರು ಬಿಸಿಯಾಯಿತೆಂದು ಸ್ಥಳದವರು ಹೇಳುತ್ತಾರೆ. ಭೂವಿಜ್ಞಾನದ ಪ್ರಕಾರ, ಮಳೆಯ ನೀರು ಬಂಡೆಯ ಬಿರುಕುಗಳಲ್ಲಿ ಬಹಳ ಆಳಕ್ಕೆ ಇಳಿಯುತ್ತದೆ. ಭೂಮಿಯೊಳಗೆ ಪ್ರತಿ ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿ ಸೆಲ್ಸಿಯಸ್ ಶಾಖ ಹೆಚ್ಚುವುದರಿಂದ ಆ ನೀರು ಕಾದು, ಲವಣಗಳನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ನಮ್ಮ ರಾಜ್ಯದಲ್ಲಿಯೂ ಪುತ್ತೂರು ತಾಲ್ಲೂಕಿನ ಇರ್ದೆಯ ಬೆಂದ್ರ್ ತೀರ್ಥ ಇಂಥ ಬುಗ್ಗೆಯೇ. ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರು.

ಬಿಸಿನೀರಿನಲ್ಲಿ ಕುಳಿತಾಗ ಮೈಭಾರವನ್ನು ನೀರು ಹೊರುತ್ತದೆ, ಬಿಗಿದ ಸ್ನಾಯು ಸಡಿಲಾಗುತ್ತದೆ. ಸವೆದ ಕೀಲಿನ ನೋವು ಆಗ ಕಡಿಮೆಯಾಗುವುದು ನಿಜ. ಆದರೆ ಸವೆದ ಮೃದ್ವಸ್ಥಿ ಮತ್ತೆ ಬೆಳೆಯುವುದಿಲ್ಲ. ಕುಂಡದಲ್ಲಿ ಮಿಂದು ಹಿತವೆನಿಸಿತೆಂದು ಮಾತ್ರೆ ನಿಲ್ಲಿಸಬೇಡಿರಿ. ಬಿ.ಪಿ. ಮಾತ್ರೆಯನ್ನಂತೂ ಒಂದು ದಿನವೂ ತಪ್ಪಿಸಬಾರದು.

ನಿಜವಾದ ಅಪಾಯ ಸಕ್ಕರೆ ಕಾಯಿಲೆಯವರಿಗೆ. ಹಲವು ವರ್ಷ ಸಕ್ಕರೆ ಹೆಚ್ಚಿದ್ದರೆ ಪಾದದ ನರಗಳು ಸ್ಪರ್ಶಜ್ಞಾನ ಕಳೆದುಕೊಳ್ಳುತ್ತವೆ. ಅಲ್ಲಿನ ಕೆಲವು ಕುಂಡಗಳ ನೀರು 50 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. ಇಷ್ಟು ಬಿಸಿಗೆ ಆರೋಗ್ಯವಂತರು ಕಾಲು ಥಟ್ಟನೆ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ನರ ಸತ್ತ ಪಾದಕ್ಕೆ ಅದು ತಿಳಿಯುವುದೇ ಇಲ್ಲ. "ನನಗೇನು ಸುಡಲಿಲ್ಲ" ಎಂದು ಹೆಮ್ಮೆಯಿಂದ ಕುಳಿತವರ ಅಂಗಾಲಿನಲ್ಲಿ ಆಮೇಲೆ ಬೊಬ್ಬೆ ಏಳುತ್ತದೆ, ಒಡೆದು ಹುಣ್ಣಾಗುತ್ತದೆ. ಆ ಹುಣ್ಣು ಬೇಗ ಮಾಯುವುದಿಲ್ಲ. ಕೀವು ಎಲುಬಿಗೆ ಇಳಿದರೆ ಬೆರಳು, ಒಮ್ಮೊಮ್ಮೆ ಪಾದವನ್ನೇ ತೆಗೆಯಬೇಕಾಗುತ್ತದೆ.

ಆದ್ದರಿಂದ ಪಾದ ಜೋಮು ಹಿಡಿದವರು, ಕಾಲಲ್ಲಿ ಗಾಯವಿರುವವರು ಕುಂಡಕ್ಕೆ ಇಳಿಯಲೇಬಾರದು. ತೊಟ್ಟಿಯಲ್ಲಿ ಬಿಸಿನೀರಿಗೆ ತಣ್ಣೀರು ಬೆರೆಸಿಕೊಳ್ಳುವ ಅನುಕೂಲವಿದ್ದರೆ, ನೋವಿರುವ ಸೊಂಟಕ್ಕೋ ಮೊಣಕಾಲಿಗೋ ತಂಬಿಗೆಯಿಂದ ಹದವಾದ ನೀರು ಹಾಕಿಕೊಳ್ಳಬಹುದು. ಹದವನ್ನು ಕಾಲಿನಿಂದ ನೋಡಬೇಡಿರಿ. ಮನೆಯವರು ಮೊಣಕೈ ಅದ್ದಿ ನೋಡಲಿ. ಇನ್ಸುಲಿನ್ ಚುಚ್ಚಿಕೊಂಡ ಕೂಡಲೇ ಬಿಸಿನೀರಿಗೆ ಹೋದರೆ ಔಷಧಿ ಬೇಗ ರಕ್ತಕ್ಕೆ ಸೇರಿ ಸಕ್ಕರೆ ಇಳಿಯುತ್ತದೆ. ಬೆವರು, ನಡುಕ ಬಂದರೆ ತಕ್ಷಣ ಸಕ್ಕರೆ ತಿನ್ನಿರಿ.

ಬಿಸಿಗೆ ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಇಳಿಯುವುದರಿಂದ, ದಿಢೀರನೆ ಎದ್ದರೆ ತಲೆ ಸುತ್ತುತ್ತದೆ. ಪಾಚಿ ಹಿಡಿದ ಮೆಟ್ಟಿಲ ಮೇಲೆ ಬಿದ್ದು ಸೊಂಟ ಮುರಿದುಕೊಳ್ಳುವುದು ವಯಸ್ಸಾದವರಿಗೆ ಹೊಸತಲ್ಲ! ಹತ್ತು ನಿಮಿಷ ಸಾಕು, ಒಬ್ಬರು ಕೈ ಹಿಡಿದಿರಲಿ. ಹೃದಯದ ತೊಂದರೆ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಇಳಿಯಬಾರದು.

ಕುಂಡದಲ್ಲಿ ತಲೆ ಮುಳುಗಿಸಬೇಡಿರಿ. ಬೆಚ್ಚಗಿನ ನೀರಿನಲ್ಲಿ ಬದುಕುವ ಒಂದು ಬಗೆಯ ಅಮೀಬಾ ಮೂಗಿನಿಂದ ಮೆದುಳಿಗೆ ಹೋಗಬಲ್ಲದು. ಅಪರೂಪ, ಆದರೆ ಪ್ರಾಣಾಂತಿಕ. ತೀರ್ಥವೆಂದು ಆ ನೀರನ್ನು ಕುಡಿಯುವುದೂ ಬೇಡ.

ಊರಿಗೆ ಬಂದ ಮೇಲೆ ಸಕ್ಕರೆ ಕಾಯಿಲೆಯವರು ಒಂದು ವಾರ ದಿನಾಲು ಅಂಗಾಲನ್ನು ಕನ್ನಡಿ ಹಿಡಿದು ನೋಡಿಕೊಳ್ಳಬೇಕು. ಬೊಬ್ಬೆ ಕಂಡರೆ ಸೂಜಿಯಿಂದ ಚುಚ್ಚಬೇಡಿರಿ, ಅರಿಶಿನ, ಸುಣ್ಣ ಹಚ್ಚಬೇಡಿರಿ. ಶುಚಿಯಾದ ಬಟ್ಟೆ ಸುತ್ತಿಕೊಂಡು ಅದೇ ದಿನ ಆಸ್ಪತ್ರೆಗೆ ಬನ್ನಿರಿ.