ಫ್ಲ್ಯಾಟ್ ನಮ್ಮದು, ಲಿಫ್ಟ್ ಯಾರದು? ಮಾಲಕರ ಸಂಘದ ಲಾಭ-ನಷ್ಟ

ರಾಮಕುಂಜದ ಕಡೆ ಮನೆ ಅಂದ್ರೆ ಹೇಗಿರ್ತದೆ ಅಂತ ಈ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂಗಳ, ಅದರಾಚೆ ಅಡಿಕೆ ತೋಟ, ಒಂದು ಬಾವಿ, ಡಾಮರು ರಸ್ತೆಯಿಂದ ಮನೆವರೆಗೆ ನಾವೇ ಮಾಡಿಸಿಕೊಂಡ ದಾರಿ. ಪಕ್ಕದ ಮನೆಯವರನ್ನು ಕರೀಬೇಕಾದ್ರೆ ಕೂಗಬೇಕು. ಮಾಡು ಸೋರಿದ್ರೆ ಏಣಿ ಇಡುವವರು ನಾವೇ, ಪಂಪ್ ಕೆಟ್ರೆ ಮೆಕ್ಯಾನಿಕ್‌ಗೆ ಫೋನ್ ಮಾಡುವವರೂ ನಾವೇ. ಹಾಗೆಯೇ ಗೋಡೆಗೆ ಯಾವ ಬಣ್ಣ, ಎಷ್ಟು ನಾಯಿ ಸಾಕ್ತೀರಿ, ನೆಂಟರು ಎಷ್ಟು ದಿನ ಇರ್ತಾರೆ ಅಂತ ಕೇಳುವವರು ಯಾರೂ ಇಲ್ಲ. ಅಮ್ಮ ಒಬ್ಬರನ್ನು ಬಿಟ್ಟು!

ಆದರೆ ಫೈನಲ್ ಇಯರ್ ಮುಗಿಸಿದ ಮೇಲೆ ನಮ್ಮಲ್ಲಿ ಹೆಚ್ಚಿನವರು ಹೋಗಿ ಸೇರುವುದು ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟಿಗೆ. ನಾಲ್ಕು ಜನ ಸೇರಿ ಒಂದು ಫ್ಲ್ಯಾಟ್ ಬಾಡಿಗೆ ಹಿಡಿಯುವುದು. ಇನ್ನೊಂದು ಕಡೆ, ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ "ಪುತ್ತೂರಲ್ಲೋ ಮಂಗಳೂರಲ್ಲೋ ಒಂದು ಫ್ಲ್ಯಾಟ್ ತೆಗೆದಿಡುವ" ಅಂತ ಯೋಚಿಸುವ ಅಪ್ಪಂದಿರೂ ಬಹಳ ಇದ್ದಾರೆ. ಬಾಡಿಗೆಗೆ ಹೋದ್ರೂ, ಖರೀದಿ ಮಾಡಿದ್ರೂ, ಅಲ್ಲಿ ಒಂದು ಹೊಸ ಸರಕಾರದ ಕೆಳಗೆ ಬದುಕಬೇಕಾಗ್ತದೆ. ಅದರ ಹೆಸರು ಮಾಲಕರ ಸಂಘ. ಎಲ್ಲರ ಬಾಯಲ್ಲಿ "ಅಸೋಸಿಯೇಷನ್". ಅದು ಯಾಕೆ ಉಂಟು, ಅದರಿಂದ ಏನು ಒಳ್ಳೆಯದು, ಏನು ತಾಪತ್ರಯ ಅಂತ ಮೊದಲೇ ತಿಳಿದಿದ್ದರೆ ಒಳ್ಳೆಯದು.

ನೀವು ಖರೀದಿಸುವುದು ಎರಡು ವಸ್ತು

ಫ್ಲ್ಯಾಟ್ ಖರೀದಿಸಿದಾಗ ಗೋಡೆಯ ಒಳಗಿನ ಜಾಗ ಮಾತ್ರ ನಿಮ್ಮದಾಗುವುದಲ್ಲ. ಕೆಳಗಿನ ಭೂಮಿ, ಮೆಟ್ಟಿಲು, ಲಿಫ್ಟ್, ಟೆರೇಸ್, ನೀರಿನ ಟ್ಯಾಂಕ್, ಕಂಬ, ತೊಲೆ ಎಲ್ಲದರಲ್ಲೂ ಒಂದು ಪಾಲು ಬರ್ತದೆ. ಇದಕ್ಕೆ ಅವಿಭಜಿತ ಪಾಲು ಅಂತ ಹೆಸರು. ಅಂದ್ರೆ "ಲಿಫ್ಟಿನ ಈ ಬಟನ್ ನನ್ನದು, ಆ ಕಂಬ ನಿನ್ನದು" ಅಂತ ಭಾಗ ಮಾಡಿಕೊಳ್ಳಲು ಬರುವುದಿಲ್ಲ. ಫ್ಲ್ಯಾಟ್ ಮಾರಿದರೆ ಪಾಲೂ ಅದರ ಜೊತೆಗೇ ಹೋಗ್ತದೆ, ಅದೊಂದನ್ನೇ ಬೇರೆ ಮಾರಲು ಆಗದು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲಕತ್ವ ಕಾಯ್ದೆಯ ಮೂಲ ವಿಚಾರವೇ ಇದು. ಯಾವ ಫ್ಲ್ಯಾಟಿಗೆ ಶೇಕಡಾ ಎಷ್ಟು ಪಾಲು ಅನ್ನುವುದನ್ನು ಡೀಡ್ ಆಫ್ ಡಿಕ್ಲರೇಷನ್ ಎಂಬ ದಾಖಲೆಯಲ್ಲಿ ಬರೆದು ನೋಂದಾಯಿಸಬೇಕು. ಜೊತೆಗೆ ಬೈಲಾ, ಅಂದ್ರೆ ಒಳಗಿನ ನಿಯಮಗಳ ಪುಸ್ತಕ.

ಅರುವತ್ತು ಮನೆಯವರಿಗೆ ಸೇರಿದ ಒಂದು ಲಿಫ್ಟನ್ನು ನೋಡಿಕೊಳ್ಳಲು ಯಾರಾದರೂ ಬೇಕಲ್ಲ, ಅದೇ ಸಂಘ. ಸೇರುವುದು ಬಿಡುವುದು ನಮ್ಮಿಷ್ಟ ಅಲ್ವಾ ಅಂತ ಕೇಳಿದರೆ, ಅಲ್ಲ. 2016ರ ರೇರಾ ಕಾಯ್ದೆಯ ಪ್ರಕಾರ ಸಂಘ ರಚನೆಗೆ ಅನುವು ಮಾಡಿಕೊಡುವುದು ಬಿಲ್ಡರಿನ ಹೊಣೆ, ಅದರಲ್ಲಿ ಪಾಲ್ಗೊಳ್ಳುವುದು ಖರೀದಿದಾರರ ಕರ್ತವ್ಯ. "ನಾನು ಗ್ರೌಂಡ್ ಫ್ಲೋರಿನವ, ಲಿಫ್ಟ್ ಹತ್ತುವುದೇ ಇಲ್ಲ, ದುಡ್ಡು ಯಾಕೆ ಕೊಡ್ಬೇಕು?" ಅನ್ನುವ ವಾದವೂ ನಡೆಯುವುದಿಲ್ಲ. ಬಳಸುವುದಿಲ್ಲ ಅಂತ ಹೇಳಿ ಸಾಮಾನ್ಯ ಖರ್ಚಿನಿಂದ ಯಾರೂ ಜಾರಿಕೊಳ್ಳುವಂತಿಲ್ಲ ಎಂದು 1972ರ ಕಾಯ್ದೆಯೇ ಹೇಳ್ತದೆ.

ಕಟ್ಟ ಗೊತ್ತಿದ್ದವರಿಗೆ ಇದು ಹೊಸತಲ್ಲ

ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಮಳೆ ಮುಗಿದು ತೋಡಿನ ನೀರು ಇಳಿಯುವ ಹೊತ್ತಿಗೆ ಕಲ್ಲು, ಮಣ್ಣು, ಈಗೀಗ ಮರಳಿನ ಚೀಲ ಹಾಕಿ ಕಟ್ಟ ಕಟ್ಟುವ ಪದ್ಧತಿ ಉಂಟು. ಕಟ್ಟ ಒಂದೇ, ಅದರ ನೀರು ಕುಡಿಯುವ ತೋಟ ಹಲವು. ಆದ್ದರಿಂದ ಖರ್ಚು, ಕೆಲಸ ಎರಡೂ ಪಾಲು. ಇಲ್ಲಿ ಒಂದು ಸಮಸ್ಯೆ: ಒಬ್ಬ ಪಾಲು ಕೊಡದೆ ಕೂತರೂ ನೀರು ಅವನ ತೋಟದ ಅಡಿಗೆ ಇಂಗದೆ ಇರ್ತದಾ? ಇಲ್ಲ, ಅವನ ಬಾವಿಯ ನೀರೂ ಏರ್ತದೆ. ಎಲ್ಲರೂ ಹಾಗೇ ಯೋಚಿಸಿದರೆ ಕಟ್ಟವೇ ಏಳುವುದಿಲ್ಲ, ಮಾರ್ಚ್ ತಿಂಗಳಲ್ಲಿ ಎಲ್ಲರ ಅಡಿಕೆ ಮರವೂ ಒಣಗ್ತದೆ.

ಕಟ್ಟದಲ್ಲಿ ಇದಕ್ಕೆ ಪರಿಹಾರ ಮುಖದಾಕ್ಷಿಣ್ಯ. ನಾಳೆ ಅದೇ ಜನರನ್ನು ಮದುವೆಯಲ್ಲೋ ದೇವಸ್ಥಾನದಲ್ಲೋ ನೋಡಬೇಕಲ್ಲ. ಅಪಾರ್ಟ್‌ಮೆಂಟಿನಲ್ಲಿ ಎದುರು ಬಾಗಿಲಿನವರ ಹೆಸರೂ ಗೊತ್ತಿರುವುದಿಲ್ಲ. ಹಾಗಾಗಿ ದಾಕ್ಷಿಣ್ಯದ ಜಾಗದಲ್ಲಿ ಬೈಲಾ, ಬಡ್ಡಿ, ದಂಡ, ನೋಟಿಸ್ ಬಂದು ಕೂತಿವೆ. ಸಂಘದ ಒಳ್ಳೆಯದು, ಕೆಟ್ಟದು ಎರಡೂ ಹುಟ್ಟುವುದು ಇಲ್ಲಿಂದಲೇ. ಲಿಫ್ಟ್ ರಿಪೇರಿ ಮಾಡಿಸಲು ಎಲ್ಲರಿಂದ ದುಡ್ಡು ವಸೂಲು ಮಾಡುವ ಅಧಿಕಾರ ಮತ್ತು ನಿಮ್ಮ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಬೇಡಿ ಅನ್ನುವ ಅಧಿಕಾರ, ಎರಡೂ ಅದೇ ಕಮಿಟಿಯ ಕೈಯಲ್ಲಿ ಇರ್ತದೆ.

ಒಳ್ಳೆಯದು ಏನು?

ಮೊದಲನೆಯದು, ಒಬ್ಬರಿಂದ ಆಗದ್ದು ಹತ್ತಾರು ಜನರಿಂದ ಆಗ್ತದೆ. ವಾಚ್‌ಮನ್, ಜನರೇಟರ್, ಬೋರ್‌ವೆಲ್, ಕೊಳಚೆ ನೀರು ಶುದ್ಧೀಕರಣ ಘಟಕ ಇವೆಲ್ಲ ಒಂದು ಮನೆಗೆ ದುಬಾರಿ, ಅರುವತ್ತು ಮನೆಗೆ ಹಂಚಿದರೆ ಸಾಧ್ಯ.

ಎರಡನೆಯದು, ಕಷ್ಟ ಬಂದಾಗ ಶಿಸ್ತು. 2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿನ ಬರ ಬಂದದ್ದು ನೆನಪಿರಬಹುದು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶಿಸಿತು, ನಲ್ಲಿಗಳಿಗೆ ಏರೇಟರ್ ಹಾಕಿ ಅಂದಿತು. ಆದೇಶ ಹೊರಡಿಸುವುದು ಮಂಡಳಿಯಾದರೂ ಕಟ್ಟಡದ ಒಳಗೆ ಯಾವ ಹೊತ್ತಿಗೆ ನೀರು ಬಿಡುವುದು, ಎಷ್ಟು ಟ್ಯಾಂಕರ್ ತರಿಸುವುದು ಅಂತ ತೀರ್ಮಾನಿಸುವುದು ಸಂಘವೇ.

ಮೂರನೆಯದು, ಬಿಲ್ಡರಿನ ಎದುರು ನಿಲ್ಲುವ ಶಕ್ತಿ. ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದ ಒಳಗೆ ಕಟ್ಟಡದ ರಚನೆಯಲ್ಲೋ ಕೆಲಸದ ಗುಣಮಟ್ಟದಲ್ಲೋ ದೋಷ ಕಂಡು ತಿಳಿಸಿದರೆ, 30 ದಿನದ ಒಳಗೆ ಹೆಚ್ಚುವರಿ ದುಡ್ಡು ಕೇಳದೆ ಸರಿಪಡಿಸಬೇಕು ಎಂದು ರೇರಾ ಹೇಳ್ತದೆ. ಆದರೆ ಟೆರೇಸ್ ಸೋರುವುದು ಮೇಲಿನ ಮಹಡಿಯವರ ಒಬ್ಬರ ಸಮಸ್ಯೆಯಾಗಿ ಉಳಿದರೆ ಬಿಲ್ಡರ್ ಫೋನ್ ಎತ್ತುವುದೂ ಕಷ್ಟ. ಸಂಘದ ಹೆಸರಿನಲ್ಲಿಯೇ ರೇರಾ ಪ್ರಾಧಿಕಾರಕ್ಕೆ ದೂರು ಕೊಡಲು ಅವಕಾಶ ಉಂಟು. ಅರುವತ್ತು ಸಹಿಯ ತೂಕವೇ ಬೇರೆ.

ತಾಪತ್ರಯ ಏನು?

ಮೊದಲು ದುಡ್ಡು. ಮೈಂಟೆನೆನ್ಸ್ ಅನ್ನುವುದು ಸಾಲ ತೀರಿದ ಮೇಲೂ ತೀರದ ಕಂತು. ಒಂದು ಲೆಕ್ಕ ಹಾಕಿ: ಚದರಡಿಗೆ ತಿಂಗಳಿಗೆ 4 ರೂಪಾಯಿ ಅಂತಾದ್ರೆ 1,200 ಚದರಡಿಯ ಫ್ಲ್ಯಾಟಿಗೆ 4,800 ರೂಪಾಯಿ, ವರ್ಷಕ್ಕೆ 57,600. ಸದಸ್ಯರೊಬ್ಬರ ತಿಂಗಳ ಶುಲ್ಕ 7,500 ರೂಪಾಯಿ ದಾಟಿ, ಸಂಘದ ವಾರ್ಷಿಕ ವಹಿವಾಟು 20 ಲಕ್ಷವೂ ಮೀರಿದರೆ 18 ಶೇಕಡಾ ಜಿಎಸ್‌ಟಿ ಬೇರೆ. ಚದರಡಿ ಲೆಕ್ಕವೋ, ಮನೆಗೆ ಸಮ ಪಾಲೋ ಎಂಬುದೇ ಮಹಾಸಭೆಯ ನಿತ್ಯದ ಜಗಳ. ದೊಡ್ಡ ಫ್ಲ್ಯಾಟಿನವರು "ವಾಚ್‌ಮನ್ ನನ್ನ ಬಾಗಿಲಿಗೆ ಹೆಚ್ಚು ಕಾವಲು ಕಾಯ್ತಾನಾ?" ಅಂತಾರೆ, ಸಣ್ಣ ಫ್ಲ್ಯಾಟಿನವರು "ನಿಮ್ಮ ಪಾಲು ದೊಡ್ಡದಲ್ವಾ" ಅಂತಾರೆ. ಇಬ್ಬರ ಮಾತಿನಲ್ಲೂ ಅರ್ಥ ಉಂಟು.

ಎರಡನೆಯದು ನಿಯಮ. ಇದು ನಮ್ಮ ವಯಸ್ಸಿನವರಿಗೆ ನೇರ ತಾಗುವ ವಿಷಯ. ಬ್ಯಾಚುಲರ್‌ಗಳಿಗೆ ಮನೆ ಕೊಡಬೇಡಿ, ರಾತ್ರಿ ಹತ್ತರ ಮೇಲೆ ಅತಿಥಿಗಳು ಇರಬಾರದು, ಮನೆಗೆಲಸದವರು ಬೇರೆ ಲಿಫ್ಟ್ ಬಳಸಬೇಕು ಅನ್ನುವ ನೋಟಿಸುಗಳನ್ನು ಬೆಂಗಳೂರಿಗೆ ಹೋದ ಸೀನಿಯರ್‌ಗಳಲ್ಲಿ ಕೇಳಿ ನೋಡಿ, ಒಬ್ಬೊಬ್ಬರದ್ದು ಒಂದೊಂದು ಕತೆ. ಮತ ಇರುವುದು ಮಾಲಕರಿಗೆ. ಬಾಡಿಗೆಗೆ ಇರುವ ನಾವು ದಿನಾ ಆ ನಿಯಮದ ಕೆಳಗೆ ಬದುಕಿದರೂ ಸಭೆಯಲ್ಲಿ ಕೈ ಎತ್ತುವ ಹಕ್ಕಿಲ್ಲ.

ಸಂಘ ಹೇಳಿದ್ದೆಲ್ಲ ಕಾನೂನಾ? ಅಲ್ಲ. ಉದಾಹರಣೆಗೆ, ನಾಯಿ ಸಾಕುವುದನ್ನೇ ನಿವಾಸಿಗಳ ಸಂಘ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ. ಹಾಗಂತ ಬೈಲಾ ಬರೀ ಕಾಗದ ಅಂತಲೂ ತಿಳಿಯಬೇಡಿ. ಅಹಮದಾಬಾದಿನ ಒಂದು ಪಾರ್ಸಿ ಗೃಹ ನಿರ್ಮಾಣ ಸಹಕಾರ ಸಂಘ, ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಅನ್ನುವ ಬೈಲಾ ಇಟ್ಟುಕೊಂಡಿತ್ತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2005ರಲ್ಲಿ ಕೋರ್ಟು ಆ ಬೈಲಾವನ್ನು ಎತ್ತಿ ಹಿಡಿಯಿತು. ಸೇರುವಾಗ ಒಪ್ಪಿಕೊಂಡ ನಿಯಮಕ್ಕೆ ಎಷ್ಟು ಬಲ ಇರಬಹುದು ಅಂತ ಇದರಿಂದ ತಿಳಿಯುತ್ತದೆ.

ಮೂರನೆಯದು ಅಧಿಕಾರ ಒಂದೇ ಕಡೆ ನಿಲ್ಲುವುದು. ಕಮಿಟಿ ಕೆಲಸಕ್ಕೆ ಸಂಬಳ ಇಲ್ಲ, ಬೈಗುಳ ಬೇಕಾದಷ್ಟು. ಹಾಗಾಗಿ ಯಾರೂ ಮುಂದೆ ಬರುವುದಿಲ್ಲ, ಬಂದ ನಾಲ್ಕು ಜನ ಇಳಿಯುವುದಿಲ್ಲ. ಮಹಾಸಭೆಗೆ ಕೋರಂ ಇಲ್ಲ, ಆದರೆ ವಾಟ್ಸ್ಯಾಪ್ ಗುಂಪಿನಲ್ಲಿ ರಾತ್ರಿ ಹನ್ನೆರಡರವರೆಗೆ ಯುದ್ಧ. ಲೆಕ್ಕ ಕೇಳುವವರು ಇಲ್ಲದಿದ್ದರೆ ಒಳ್ಳೆಯವರು ಕೂತ ಕಮಿಟಿಯೂ ನಿಧಾನಕ್ಕೆ ಹಾಳಾಗ್ತದೆ.

ಕಡಿಮೆ ಮೈಂಟೆನೆನ್ಸ್ ಒಳ್ಳೆಯ ಸುದ್ದಿಯಲ್ಲ

ಇಷ್ಟು ಓದಿದವರಿಗೆ ಅನ್ನಿಸಬಹುದು, ಅತಿ ಕಡಿಮೆ ದುಡ್ಡು ಕೇಳುವ, ತಲೆ ತಿನ್ನದ ಸಂಘವೇ ಒಳ್ಳೆಯದು ಅಂತ. ಇಲ್ಲಿ ಎಂಜಿನಿಯರಿಂಗ್ ಕಲಿಯುವ ನಾವು ಸ್ವಲ್ಪ ನಿಲ್ಲಬೇಕು.

ಅಮೆರಿಕದಲ್ಲಿ ಏಳು ಕೋಟಿಗೂ ಹೆಚ್ಚು ಜನ ಇಂಥ ಸಂಘಗಳ ಕೆಳಗೆ ಬದುಕ್ತಾರೆ. ಅಲ್ಲಿನ ಫ್ಲೋರಿಡಾದ ಸರ್ಫ್‌ಸೈಡ್ ಎಂಬ ಕಡಲ ತೀರದ ಊರಿನಲ್ಲಿ ಚಾಂಪ್ಲೇನ್ ಟವರ್ಸ್ ಸೌತ್ ಅಂತ 12 ಮಹಡಿಯ, 136 ಮನೆಗಳ ಕಟ್ಟಡ ಇತ್ತು. 1981ರಲ್ಲಿ ಕಟ್ಟಿದ್ದು. 2018ರಲ್ಲಿ ಸಂಘವೇ ನೇಮಿಸಿದ ಎಂಜಿನಿಯರ್, ಈಜುಕೊಳದ ಡೆಕ್ಕಿನ ಜಲನಿರೋಧಕ ಪದರ ಕೆಟ್ಟು ಕೆಳಗಿನ ಕಾಂಕ್ರೀಟ್ ಸ್ಲ್ಯಾಬಿಗೆ ದೊಡ್ಡ ಹಾನಿಯಾಗಿದೆ ಎಂದು ವರದಿ ಕೊಟ್ಟರು. ಮುಂದೆ ಏನಾಯಿತು? ಖರ್ಚಿನ ಬಗ್ಗೆ ವಾಗ್ವಾದ, ಕಮಿಟಿಯಲ್ಲಿ ರಾಜೀನಾಮೆ. ಕೊನೆಗೆ 1.5 ಕೋಟಿ ಡಾಲರಿನ ವಿಶೇಷ ವಂತಿಗೆಗೆ ಒಪ್ಪಿಗೆ ಸಿಕ್ಕಿದ್ದು 2021ರ ಏಪ್ರಿಲಿನಲ್ಲಿ, ಸರಾಸರಿ ಮನೆಗೆ ಒಂದು ಲಕ್ಷ ಡಾಲರಿಗೂ ಮಿಕ್ಕಿ. ಅದೇ ವರ್ಷ ಜೂನ್ 24ರ ನಡುರಾತ್ರಿ ಕಟ್ಟಡದ ಒಂದು ಭಾಗ ಕುಸಿಯಿತು. 98 ಜನ ಸತ್ತರು.

ತಪ್ಪು ಸಂಘದ್ದು ಮಾತ್ರ ಅನ್ನುವಂತಿಲ್ಲ. ಡೆಕ್ಕಿನ ಮೂಲ ವಿನ್ಯಾಸವೇ ಆ ಕಾಲದ ಮಾನದಂಡಕ್ಕೆ ತಕ್ಕ ಬಲ ಹೊಂದಿರಲಿಲ್ಲ ಎಂದು ಅಲ್ಲಿನ ಸರಕಾರಿ ತನಿಖೆ ಕಂಡುಕೊಂಡಿದೆ. ಆದರೆ ದೋಷ ಕಾಗದದ ಮೇಲೆ ಬಂದ ನಂತರವೂ ಸುಮಾರು ಎರಡೂವರೆ ವರ್ಷ ಹೋಯಿತು. ನೆರೆಯವರ ಮೇಲೆ ದೊಡ್ಡ ಮೊತ್ತ ಹೇರುವ ಕಮಿಟಿಯನ್ನು ಯಾರೂ ಇಷ್ಟಪಡುವುದಿಲ್ಲ ಅನ್ನುವುದೂ ಅದಕ್ಕೆ ಒಂದು ಕಾರಣ. ಕುಸಿತದ ನಂತರ, 2022ರಲ್ಲಿ, ಇಂಥ ರಿಪೇರಿಗೆ ಮೀಸಲು ನಿಧಿ ಇಡುವುದನ್ನು ಫ್ಲೋರಿಡಾ ಕಾನೂನಿನಲ್ಲೇ ಕಡ್ಡಾಯ ಮಾಡಿತು.

ಮಂಗಳೂರಿನ ಉಪ್ಪು ಗಾಳಿ ಮತ್ತು ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರುವ ಮಳೆಯಲ್ಲಿ ಕಾಂಕ್ರೀಟಿನ ಒಳಗಿನ ಕಬ್ಬಿಣಕ್ಕೆ ಏನಾಗ್ತದೆ ಅಂತ ಸಿವಿಲ್ ವಿಭಾಗದವರಿಗೆ ಹೇಳಬೇಕಾಗಿಲ್ಲ. ಬಿರುಕಿನಿಂದ ನೀರು, ಕ್ಲೋರೈಡ್ ಒಳಗೆ ಹೋಗಿ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಮೇಲಿನ ಕಾಂಕ್ರೀಟ್ ಸಿಡಿದು ಬೀಳುತ್ತದೆ. ಮೊದಲಿಗೇ ಸರಿ ಮಾಡಿದರೆ ಸಣ್ಣ ಖರ್ಚು.

ಲೆಕ್ಕಕ್ಕೋಸ್ಕರ ಒಂದು ಉದಾಹರಣೆ: ಅರುವತ್ತು ಮನೆಯ ಕಟ್ಟಡದಲ್ಲಿ 15 ವರ್ಷದ ನಂತರ ಲಿಫ್ಟ್, ಜಲನಿರೋಧಕ ಕೆಲಸಕ್ಕೆ 30 ಲಕ್ಷ ಬೇಕಾಯಿತು ಅಂತಿಟ್ಟುಕೊಳ್ಳಿ. ಮನೆಗೆ 50,000. ಒಟ್ಟಿಗೆ ಕೇಳಿದರೆ ಜಗಳ ಖಂಡಿತ. ಮೊದಲ ತಿಂಗಳಿನಿಂದ ತೆಗೆದಿಟ್ಟಿದ್ದರೆ ಬಡ್ಡಿ ಸೇರಿಸದೆಯೂ ತಿಂಗಳಿಗೆ 278 ರೂಪಾಯಿ ಸಾಕಿತ್ತು. ಕಾರ್ಪಸ್ ಫಂಡ್ ಅನ್ನುವುದು ಇದಕ್ಕೇ ಇರುವುದು.

ಸಹಿ ಹಾಕುವ ಮೊದಲು ಕೇಳಬೇಕಾದ್ದು

ಮನೆಯಲ್ಲಿ ಫ್ಲ್ಯಾಟ್ ಖರೀದಿಯ ಮಾತು ನಡೀತಾ ಇದ್ರೆ ಟೈಲ್ಸ್, ಬಾಲ್ಕನಿ ನೋಡುವ ಜೊತೆಗೆ ಇಷ್ಟನ್ನು ಕೇಳಿ:

1. ಸಂಘ ನೋಂದಣಿ ಆಗಿದೆಯಾ, ಯಾವ ಕಾಯ್ದೆಯಡಿ? ಅಥವಾ ಇನ್ನೂ ಬಿಲ್ಡರ್ ಕೈಯಲ್ಲೇ ಉಂಟಾ?
2. ಡೀಡ್ ಆಫ್ ಡಿಕ್ಲರೇಷನ್‌ನಲ್ಲಿ ಈ ಫ್ಲ್ಯಾಟಿನ ಪಾಲು ಎಷ್ಟು? ಬೈಲಾದ ಪ್ರತಿ ಕೊಡ್ತಾರಾ?
3. ಕಳೆದ ಮೂರು ವರ್ಷದ ಆಡಿಟ್ ಆದ ಲೆಕ್ಕ ಮತ್ತು ಮಹಾಸಭೆಯ ನಡಾವಳಿ ಎಲ್ಲಿ? ಕಟ್ಟಡದ ನಿಜವಾದ ರೋಗ ಗೊತ್ತಾಗುವುದು ನಡಾವಳಿಯಲ್ಲಿ.
4. ಕಾರ್ಪಸ್ ಫಂಡ್ ಎಷ್ಟು ಉಂಟು, ಯಾರ ಹೆಸರಿನ ಖಾತೆಯಲ್ಲಿ?
5. ಹಳೆಯ ಫ್ಲ್ಯಾಟ್ ಆದರೆ, ಮಾರುವವರ ಬಾಕಿ ಏನೂ ಇಲ್ಲ ಅನ್ನುವ ಪತ್ರ ಸಂಘದಿಂದ ಸಿಗ್ತದಾ? ಇಲ್ಲವಾದರೆ ಆ ಬಾಕಿ ನಿಮ್ಮ ತಲೆಗೂ ಬರಬಹುದು.

ಬಾಡಿಗೆಗೆ ಹೋಗುವವರು ಅಡ್ವಾನ್ಸ್ ಕೊಡುವ ಮೊದಲು ಬಾಡಿಗೆದಾರರ ನಿಯಮವನ್ನು ಬರಹದಲ್ಲಿ ಕೇಳಿ. ಮೈಂಟೆನೆನ್ಸ್ ಯಾರು ಕಟ್ಟುವುದು, ಅತಿಥಿಗಳ ನಿಯಮ ಏನು, ಮನೆ ಬಿಡುವಾಗ ಸಂಘಕ್ಕೆ ಏನಾದರೂ ಶುಲ್ಕ ಉಂಟಾ ಅನ್ನುವುದು ಕರಾರು ಪತ್ರದಲ್ಲಿಯೇ ಇರಲಿ. ಬ್ರೋಕರ್ "ಅದೆಲ್ಲ ಏನಿಲ್ಲ ಸಾರ್" ಅಂದದ್ದು ಸೆಕ್ಯೂರಿಟಿ ಗೇಟಿನಲ್ಲಿ ನಡೆಯುವುದಿಲ್ಲ.

ಇನ್ನೊಂದು ಮಾತು. ಮುಂದೆ ನಮ್ಮಲ್ಲಿ ಕೆಲವರು ಮಾಲಕರೂ ಆಗ್ತೇವೆ. ಆಗ ಭಾನುವಾರ ಬೆಳಿಗ್ಗೆಯ ಮಹಾಸಭೆಗೆ ನಿದ್ದೆ ಬಿಟ್ಟು ಹೋಗಿ. ಸ್ಲ್ಯಾಬಿನ ವರದಿ ಓದಲು, ಪಂಪಿನ ಕರೆಂಟ್ ಲೆಕ್ಕ ಹಾಕಲು, ಶುದ್ಧೀಕರಣ ಘಟಕ ಯಾಕೆ ನಾರುತ್ತದೆ ಅಂತ ಹೇಳಲು ಬರುವವರು ಕಮಿಟಿಯಲ್ಲಿ ಒಬ್ಬರಾದರೂ ಬೇಕು. ಹಾಗೆಯೇ ಬಾಡಿಗೆಗೆ ಬಂದ ಹುಡುಗರ ಮೇಲೆ ಹೊಸ ನೋಟಿಸ್ ಅಂಟಿಸುವ ಚರ್ಚೆ ಬಂದಾಗ, ಒಂದು ಕಾಲದಲ್ಲಿ ನಾವೂ ನಾಲ್ಕು ಜನ ಒಂದು ಫ್ಲ್ಯಾಟಿನಲ್ಲಿ ಇದ್ದವರು ಅಂತ ಎದ್ದು ಹೇಳುವವರೂ ಬೇಕು.