ಡೊಂಕು ಸಾಲಿನ ಕ್ರಿಯಾಪದ

ಭಾಷಾಂತರದ ಉತ್ತರಪತ್ರಿಕೆಗಳನ್ನು ಹಿಂದಿರುಗಿಸಿದ ದಿನ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು ನನ್ನಲ್ಲಿ ನ್ಯಾಯ ಕೇಳಿದಳು. ಕೊಟ್ಟಿದ್ದ ಇಂಗ್ಲಿಷ್ ಭಾಗ ನ್ಯಾಯಾಲಯದ ವರ್ಣನೆ. ಅದರಲ್ಲಿ ‘ಪ್ರಿವ್ಯಾರಿಕೇಟ್’ ಎಂಬ ಕ್ರಿಯಾಪದವಿತ್ತು. ‘ಸಾಕ್ಷಿಯು ಸುಳ್ಳು ಹೇಳಿದನು’ ಎಂದು ಆಕೆ ಬರೆದಿದ್ದಳು. ನಾನು ಕೆಂಪುಗೆರೆ ಎಳೆದು ಎರಡು ಅಂಕ ಕಳೆದಿದ್ದೆ.

“ಸುಳ್ಳಲ್ಲದಿದ್ದರೆ ಮತ್ತೇನು, ಸಾರ್?”

“ಅದೆಲ್ಲ ಸಂದರ್ಭದ ಮೇಲೆ ಹೋಗುತ್ತದೆ, ಕೂತುಕೊಳ್ಳಮ್ಮ” ಎಂದೆ. ಅಷ್ಟರಲ್ಲಿ ಗಂಟೆಯಾಯಿತು, ಪಾರಾದೆ. ಮನೆಗೆ ಬಂದು ನಿಘಂಟು ಬಿಡಿಸಿದಾಗಲೇ ತಿಳಿದದ್ದು, ಆ ಕ್ರಿಯಾಪದದ ಲಕ್ಷಣಕ್ಕೆ ನನ್ನ ಉತ್ತರವೇ ಲಕ್ಷ್ಯವಾಗಿತ್ತೆಂದು.

ಪದದ ಮೂಲ ಲ್ಯಾಟಿನ್. ಕಾಲನ್ನು ಅಗಲಿಸಿ ಸೊಟ್ಟಗೆ ನಡೆಯುವುದು ಅದರ ಅರ್ಥ. ಕ್ರಿ.ಶ. ೭೯ರಲ್ಲಿ ವೆಸೂವಿಯಸ್ ಸಿಡಿದಾಗ ಮಡಿದ ರೋಮಿನ ಪ್ಲಿನಿ, ತನ್ನ ‘ನಿಸರ್ಗ ಚರಿತ್ರೆ’ಯ ೧೮ನೆಯ ಭಾಗದಲ್ಲಿ ಬೇಸಾಯವನ್ನು ಕುರಿತು ಬರೆಯುತ್ತ ಇದನ್ನು ಪ್ರಸ್ತಾಪಿಸುತ್ತಾನೆ: ಉಳುವವನು ಮೈಬಗ್ಗಿಸಿ ದುಡಿಯದಿದ್ದರೆ ಸಾಲು ಡೊಂಕಾಗುತ್ತದೆ, ಆ ದೋಷದ ಹೆಸರೇ ಹೊಲದಿಂದ ನ್ಯಾಯಸ್ಥಾನಕ್ಕೆ ಹೋಯಿತು. ಆಪಾದನೆ ಹೊರಿಸಿದವನೇ ಒಳಗೊಳಗೆ ಆಪಾದಿತನೊಡನೆ ಕೂಡಿಕೊಂಡು ಮೊಕದ್ದಮೆಯನ್ನು ಕೆಡಿಸುವುದು ರೋಮನ್ನರಲ್ಲಿ ಒಂದು ಅಪರಾಧ. ಅದನ್ನು ಈ ಪದದಿಂದಲೇ ಕರೆದರು. ಒಂದು ಕಾಲು ಇಲ್ಲಿ, ಒಂದು ಕಾಲು ಅಲ್ಲಿ. ವಕೀಲ ಮಿತ್ರರು ಕ್ಷಮಿಸಬೇಕು. ಇದರ ಮುಂದೆ ರೈತನ ಡೊಂಕು ಸಾಲು ಯಾವ ಲೆಕ್ಕ!

ಇಂಗ್ಲಿಷಿನಲ್ಲೂ ಮೊದಲಿಗೆ ದಾರಿ ತಪ್ಪುವುದೆಂಬ ಅರ್ಥವಿದ್ದಿತು. ೧೭ನೆಯ ಶತಮಾನದಲ್ಲಿ, ನೇರವಾದ ಪ್ರಶ್ನೆಗೆ ನೇರವಾಗಿ ಉತ್ತರಿಸದೆ ಜಾರಿಕೊಳ್ಳುವುದೆಂಬ ಇಂದಿನ ಅರ್ಥ ಬಂದಿತು. ಇದು ಅಕರ್ಮಕ ಕ್ರಿಯೆ. ‘ಸತ್ಯವನ್ನು’ ಎಂಬ ಕರ್ಮಪದವನ್ನು ಇದಕ್ಕೆ ಕಟ್ಟಲಾಗದು. ಕಾಲ ತಳ್ಳುವುದೆಂಬರ್ಥದ ‘ಪ್ರೊಕ್ರಾಸ್ಟಿನೇಟ್’ ಪದದೊಡನೆ ಇದನ್ನು ಬೆರೆಸುವವರು ಇಂಗ್ಲಿಷರಲ್ಲೂ ಇದ್ದಾರೆ.

ಸುಳ್ಳುಗಾರ ತಾನಾಡಿದ ಒಂದು ಮಾತಿಗೆ ಕಟ್ಟುಬಿದ್ದಿರುತ್ತಾನೆ. ನಾಳೆ ಅದೇ ಮಾತಿನಿಂದ ಸಿಕ್ಕಿಬೀಳಬಹುದು. ಈತನಾದರೋ ಯಾವ ಮಾತಿಗೂ ಸಿಕ್ಕುವವನಲ್ಲ. ಇಷ್ಟಾದರೂ, ‘ಸುಳ್ಳು’ ಎಂಬ ಕಟುಶಬ್ದವನ್ನು ಆಡಲೊಲ್ಲದ ಸಭ್ಯರು ಅದರ ಬದಲಾಗಿ ಇದನ್ನೇ ಬಳಸುವುದುಂಟು. ನಿಘಂಟುಗಳೂ ಅದನ್ನು ಒಪ್ಪಿವೆ. ಎಂದ ಮೇಲೆ ಆಕೆಯ ಉತ್ತರ ಪೂರ್ತಿ ತಪ್ಪಾಗಿರಲಿಲ್ಲ.

ಕನ್ನಡದಲ್ಲಿ ಏನೆನ್ನೋಣ? ‘ನುಣುಚಿಕೊಳ್ಳು’ ಎಂದರೆ ಮಾತಿನ ಸುಳಿವೇ ಇಲ್ಲ, ಕೆಲಸದಿಂದಲೂ ನುಣುಚಿಕೊಳ್ಳಬಹುದು. ‘ಹಾರಿಕೆಯ ಉತ್ತರ ಕೊಟ್ಟನು’ ಎಂಬುದು ಸಮೀಪ. ಆದರೆ ನನ್ನ ಮನಸ್ಸಿಗೆ ಹಿಡಿಸಿದ್ದು ನಮ್ಮ ಮನೆಗಳ ಮಾತು, ‘ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ’. ಈ ಕಡೆಯವರಿಗೂ ಬೆಳಕು, ಆ ಕಡೆಯವರಿಗೂ ಬೆಳಕು. ರೋಮಿನವನು ಎರಡು ಕಡೆ ಕಾಲಿಟ್ಟ. ನಮ್ಮವನು ಕೂತಲ್ಲಿಂದಲೇ ದೀಪವಿಟ್ಟ.

ಮರುದಿನ ತರಗತಿಯಲ್ಲಿ ಎಲ್ಲವನ್ನೂ, ನನ್ನ ಜಾರುವಿಕೆಯನ್ನೂ ಸೇರಿಸಿ, ಹೇಳಿ ಒಂದು ಅಂಕವನ್ನು ಹಿಂದಿರುಗಿಸಿದೆ. ಆಕೆ ಮತ್ತೆ ಎದ್ದಳು. “ವಾರ್ಷಿಕ ಪರೀಕ್ಷೆಯಲ್ಲಿ ಅಡ್ಡಗೋಡೆಯ ದೀಪವನ್ನು ಬರೆದರೆ ಅಂಕ ಕೊಡುತ್ತಾರೆಯೆ, ಸಾರ್?”

“ನಾನು ಕೊಡುತ್ತೇನೆ. ಹೊರಗಿನ ಪರೀಕ್ಷಕರು ಕೊಡುವರೋ ಇಲ್ಲವೋ, ನನಗೆ ತಿಳಿಯದು” ಎಂದೆ.